ಕೊನೆಯ ಕಂತು ಕಟ್ಟಿದ ಮರುದಿನ, ಜೊತೆಗೆ ನಿಂತವರಿಗೆ

ನಿನ್ನೆ ಸಾಲದ ಕೊನೆಯ ಕಂತು ಕಟ್ಟಿ ಬಂದೆ. ರಸೀದಿ ಕೈಯಲ್ಲಿ ಹಿಡಿದುಕೊಂಡು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಏಳು ವರ್ಷ ಆಯಿತು. ಈಗ ಯಾರ ಬಾಕಿಯೂ ಇಲ್ಲ. ಮುಂದಿನ ಆರು ತಿಂಗಳ ಸಂಬಳಕ್ಕಾಗುವಷ್ಟು ದುಡ್ಡು ಕೈಯಲ್ಲಿದೆ. ಒಬ್ಬೊಬ್ಬರಿಗೂ ಫೋನ್ ಮಾಡಿ ಹೇಳೋಣ ಅಂದುಕೊಂಡೆ. ಮೊದಲನೇ ಫೋನಿಗೇ ಗಂಟಲು ಕಟ್ಟಿತು. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಕೆಲಸ ಗೊತ್ತಿಲ್ಲದವರಿಗೆ ಎರಡು ಮಾತು. ಬಟ್ಟೆ ಹೊಲಿಯುವ ಚಿಕ್ಕ ಘಟಕಗಳ ಮಿಷನ್‌ಗಳನ್ನು ನಾವು ನೋಡಿಕೊಳ್ಳುತ್ತೇವೆ. ರಿಪೇರಿಗೆ ದುಡ್ಡು ತಗೊಳ್ಳುವುದಿಲ್ಲ. ಮಿಷನ್ ಓಡಿದ ದಿನಕ್ಕೆ ಮಾತ್ರ ತಗೊಳ್ಳುತ್ತೇವೆ. ನಿಂತ ದಿನವನ್ನು ನಮ್ಮ ಬಿಲ್ಲಿನಿಂದಲೇ ಕಳೆಯುತ್ತೇವೆ. ಇದನ್ನು ಮೊದಲ ಸಲ ಹೇಳಿದಾಗ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ. "ಮಿಷನ್ ಕೆಡದೇ ಹೋದರೆ ನಿಮಗೆ ಕೆಲಸ ಎಲ್ಲಿ?"

ನಾನು ಮೆಕ್ಯಾನಿಕ್ ಅಲ್ಲ. ಅಂಥದ್ದೇ ಒಂದು ಘಟಕದಲ್ಲಿ ಒಂಬತ್ತು ವರ್ಷ ಲೆಕ್ಕ ಬರೆಯುತ್ತಿದ್ದೆ. ಒಂದು ದಿನ ಬೆಳಿಗ್ಗೆ ಹನ್ನೊಂದಕ್ಕೆ ಕಾಲರ್ ಹೊಲಿಯುವ ಮಿಷನ್ ನಿಂತಿತು. ನೂಲು ಪದೇ ಪದೇ ಕಡಿದುಹೋಗುತ್ತಿತ್ತು. ಮೆಕ್ಯಾನಿಕ್ ಬಂದಾಗ ಸಂಜೆ ನಾಲ್ಕು. ಸೂಜಿಯಿಂದ ನೂಲು ಹಿಡಿಯುವ ಕೊಕ್ಕೆ, ಅಂದರೆ ಹುಕ್ಕಿನ ಮೊನೆ ಎಲ್ಲೋ ಸೂಜಿ ತಗುಲಿ ಒರಟಾಗಿತ್ತು. ನುಣುಪು ಎಮರಿ ಕಾಗದದಲ್ಲಿ ಉಜ್ಜಿ, ಬೆರಳ ತುದಿಯಿಂದ ಸವರಿ ನೋಡಿ, ಮತ್ತೆ ಉಜ್ಜಿದರು. ಹತ್ತೇ ನಿಮಿಷದ ಕೆಲಸ. ಆದರೆ ಕಾಲರ್ ಬರಲಿಲ್ಲ ಅಂತ ಅದರ ನಂತರದ ಕೆಲಸದ ಎಂಟು ಜನ ಐದು ಗಂಟೆ ಕೈಕಟ್ಟಿ ಕೂತಿದ್ದರು. ಅವತ್ತು ಸಂಜೆ ರಿಪೇರಿ ಬಿಲ್ಲನ್ನು ಪುಸ್ತಕಕ್ಕೆ ಏರಿಸುವಾಗ ನನ್ನ ಪೆನ್ನು ನಿಂತಿತು. ಹತ್ತು ನಿಮಿಷದ ಕೆಲಸಕ್ಕೆ ಪುಸ್ತಕದಲ್ಲಿ ಜಾಗ ಇತ್ತು. ಆ ಎಂಟು ಜನರ ಐದು ಗಂಟೆಗೆ ಒಂದು ಕಾಲಮ್ ಕೂಡ ಇರಲಿಲ್ಲ.

ಮೊದಲ ಕೃತಜ್ಞತೆ ನಮ್ಮ ಆಗಿನ ಮಾಲೀಕರಿಗೆ. "ಮಿಷನ್ ನಿಂತ ಹೊತ್ತನ್ನು ಬೇರೆ ಪುಸ್ತಕದಲ್ಲಿ ಬರೆಯಲಾ ಸರ್?" ಅಂತ ಕೇಳಿದೆ. ಬೇಡ ಅನ್ನಬಹುದಿತ್ತು. ಅನ್ನಲಿಲ್ಲ. ಆರು ತಿಂಗಳು ಬರೆದೆ. ಮುಕ್ಕಾಲು ಪಾಲು ಸಲ ಮಿಷನ್ ನಿಂತದ್ದು ಸಣ್ಣ ಕಾರಣಕ್ಕೆ. ಮೊಂಡಾದ ಸೂಜಿ, ಸೂಜಿಪಟ್ಟಿಯ ಕೆಳಗೆ ಗಟ್ಟಿಯಾಗಿ ಕೂತ ನೂಲಿನ ಧೂಳು, ಮಟ್ಟ ಇಳಿದ ಎಣ್ಣೆ, ಸಡಿಲವಾದ ಬಾಬಿನ್ ಕೇಸಿನ ಸ್ಕ್ರೂ. ಇವೆಲ್ಲ ಮೊದಲೇ ನೋಡಿದರೆ ಆಗದಂಥವು. ಆದರೆ ಮೊದಲೇ ನೋಡುವವರಿಗೆ ದುಡ್ಡು ಕೊಡುವ ಏರ್ಪಾಡೇ ಇರಲಿಲ್ಲ. ಕೆಟ್ಟ ಮೇಲೆ ಬಂದವರಿಗೆ ಮಾತ್ರ ದುಡ್ಡು. ಇದು ಯಾವ ಮೆಕ್ಯಾನಿಕ್ಕಿನ ತಪ್ಪೂ ಅಲ್ಲ. ದುಡ್ಡು ಹರಿಯುತ್ತಿದ್ದ ದಾರಿಯೇ ಹಾಗಿತ್ತು.

ಆ ಪುಸ್ತಕವನ್ನು ಮೊದಲು ತೋರಿಸಿದ್ದು ನಮ್ಮ ಮೈದುನನಿಗೆ. ಅವನು ಓದಿಕೊಂಡವನು. "ಅತ್ತಿಗೆ, ಇದು ಹುಚ್ಚು ಯೋಚನೆ ಅಲ್ಲ. ವಿಮಾನದ ಎಂಜಿನ್ ಮಾಡೋರು ಇದನ್ನ ಯಾವಾಗ್ಲೋ ಮಾಡಿದ್ದಾರೆ" ಅಂದ. 1962ರಲ್ಲಿ ಬ್ರಿಸ್ಟಲ್ ಸಿಡ್ಲಿ ಎಂಬ ಬ್ರಿಟಿಷ್ ಕಂಪನಿ ತನ್ನ ವೈಪರ್ ಎಂಜಿನ್ನಿಗೆ ಹೊಸ ಲೆಕ್ಕ ತಂದಿತ್ತು. ಎಂಜಿನ್ ಹಾರಿದ ಗಂಟೆಗೆ ಇಷ್ಟು ಅಂತ ಕೊಟ್ಟರೆ ಸಾಕು, ರಿಪೇರಿ, ಬಿಡಿಭಾಗ, ಬದಲಿ ಎಂಜಿನ್ ಎಲ್ಲ ಕಂಪನಿಯದ್ದೇ. ಮುಂದೆ ಆ ಕಂಪನಿಯನ್ನು ಕೊಂಡ ರೋಲ್ಸ್ ರಾಯ್ಸ್ ಇದೇ ದಾರಿಯನ್ನು ದೊಡ್ಡದು ಮಾಡಿತು.

ಅವನೇ ಹೇಳಿದ ಇನ್ನೊಂದು ಕತೆ ನನಗೆ ಜಾಸ್ತಿ ಧೈರ್ಯ ಕೊಟ್ಟಿತು. ಮಾಲ್ಕಮ್ ಮೆಕ್ಲೀನ್ ಅಂತ ಅಮೆರಿಕದ ಲಾರಿ ಉದ್ಯಮಿ. ಮೂಟೆ ಮೂಟೆಯಾಗಿ ಹಡಗಿಗೆ ಸರಕು ತುಂಬುವ ಬದಲು ಇಡೀ ಪೆಟ್ಟಿಗೆಯನ್ನೇ ಎತ್ತಿ ಇಟ್ಟರೆ ಹೇಗೆ ಅಂತ ಯೋಚಿಸಿದವರು. ಅದಕ್ಕಾಗಿ ತಾವೇ ಕಟ್ಟಿದ ಲಾರಿ ಕಂಪನಿಯನ್ನು ಬಿಟ್ಟುಕೊಟ್ಟರು. ಲಾರಿ, ಹಡಗು ಎರಡನ್ನೂ ಒಬ್ಬರೇ ನಡೆಸಲು ಅಲ್ಲಿನ ನಿಯಮ ಬಿಡುತ್ತಿರಲಿಲ್ಲ. 1956ರ ಏಪ್ರಿಲ್ 26ರಂದು ಅವರ ಹಡಗು 58 ಪೆಟ್ಟಿಗೆ ಹೊತ್ತು ನ್ಯೂಅರ್ಕಿನಿಂದ ಹ್ಯೂಸ್ಟನ್ನಿಗೆ ಹೊರಟಿತು. ಬಿಡಿ ಸರಕು ತುಂಬಲು ಟನ್ನಿಗೆ 5.86 ಡಾಲರ್ ಆಗುತ್ತಿದ್ದ ಕಡೆ, ಪೆಟ್ಟಿಗೆಯಲ್ಲಿ ತುಂಬಿದಾಗ ಟನ್ನಿಗೆ ಆದದ್ದು ಸುಮಾರು 16 ಸೆಂಟ್. ಹಡಗನ್ನು ಜೋರಾಗಿ ಓಡಿಸಿ ಬಂದ ಲಾಭ ಅಲ್ಲ ಅದು. ಮೂಟೆ ಎತ್ತಿ ಇಡುವ ಕೆಲಸ ಉಳಿದು, ಹಡಗು ದಡದಲ್ಲಿ ಸುಮ್ನೆ ನಿಲ್ಲುವ ಹೊತ್ತೂ ಕಡಿಮೆಯಾಗಿ ಬಂದದ್ದು. ನನ್ನ ನಿಂತ ಹೊತ್ತಿನ ಪುಸ್ತಕ ತೊಡೆಯ ಮೇಲಿತ್ತು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಇನ್ನು ನಮ್ಮ ಮೆಕ್ಯಾನಿಕ್ ಅಣ್ಣ. ಹೆಸರು ಬರೆಯಬೇಡ ಅಂದಿದ್ದಾರೆ. ಅವತ್ತು ಸಂಜೆ ಹುಕ್ ಉಜ್ಜಿದವರು ಅವರೇ. ಮಿಷನ್ ಕೆಟ್ಟರೇ ಅವರಿಗೆ ಊಟ. ಅಂಥವರ ಮುಂದೆ ಹೋಗಿ, ಮಿಷನ್ ಕೆಡದ ಹಾಗೆ ನೋಡಿಕೊಂಡರೆ ದುಡ್ಡು ಅಂತ ಹೇಳಿದೆ. ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ, "ಇಪ್ಪತ್ತು ವರ್ಷದಿಂದ ಒಂದೇ ತಪ್ಪನ್ನ ರಿಪೇರಿ ಮಾಡ್ತಾ ಇದೀನಮ್ಮ. ಅದು ಆಗದ ಹಾಗೆ ಮಾಡು ಅಂತ ಯಾರೂ ಕೇಳಿರಲಿಲ್ಲ" ಅಂದರು. ರಿಸ್ಕ್ ತಗೊಂಡವಳು ಅಂತ ಜನ ನನ್ನನ್ನು ಹೊಗಳುತ್ತಾರೆ. ನನಗೆ ತಿಂಗಳ ಸಂಬಳ ಇತ್ತು. ಅಣ್ಣನಿಗೆ ಬೇರೇನೂ ಇರಲಿಲ್ಲ. ನನಗಿಂತ ದೊಡ್ಡ ರಿಸ್ಕ್ ತಗೊಂಡವರು ಅವರು.

ಆ ಸಂಬಳದ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಇಲ್ಲಿ ನಮ್ಮೆಜಮಾನ್ರಿಗೆ ಹೇಳಬೇಕಾದ್ದಿದೆ. ಎಷ್ಟು ಲಾಭ ಬರುತ್ತೆ ಅಂತ ಅವರು ಒಂದು ಸಲವೂ ಕೇಳಲಿಲ್ಲ. "ಎಷ್ಟು ಹೋದ್ರೆ ನಾವು ತಡ್ಕೋಬಹುದು?" ಅಂತ ಕೇಳಿದರು. ಇಬ್ಬರೂ ಕೂತು ಒಂದು ಮೊತ್ತವನ್ನು ಕ್ಯಾಲೆಂಡರಿನ ಹಿಂದೆ ಬರೆದೆವು. ಮನೆ ಅಡ ಇಡುವುದಿಲ್ಲ, ಮಕ್ಕಳ ಫೀಸಿನ ದುಡ್ಡು ಮುಟ್ಟುವುದಿಲ್ಲ, ಆ ಮೊತ್ತ ದಾಟಿದ ದಿನ ನಿಲ್ಲಿಸುವುದು. ಸರಸ್ ಸರಸ್ವತಿ ಎಂಬ ವಿದ್ವಾಂಸೆ ಅನುಭವಿ ಉದ್ಯಮಿಗಳು ಯೋಚಿಸುವ ರೀತಿಯನ್ನು ಅಧ್ಯಯನ ಮಾಡಿ 2001ರಲ್ಲಿ ಇದನ್ನೇ ಬರೆದಿದ್ದಾರೆ. ಬರುವ ಲಾಭ ಎಣಿಸಿ ಅಲ್ಲ, ತಾಳಿಕೊಳ್ಳಬಹುದಾದ ನಷ್ಟ ನೋಡಿ ಅವರು ಹೆಜ್ಜೆ ಇಡುತ್ತಾರಂತೆ. ನಮ್ಮೆಜಮಾನ್ರು ಅದನ್ನು ಓದಿರಲಿಲ್ಲ.

ಕೆಲಸವನ್ನೂ ಕೂಡಲೇ ಬಿಡಲಿಲ್ಲ. ಹದಿನಾಲ್ಕು ತಿಂಗಳು ಹಗಲು ಲೆಕ್ಕ ಬರೆದೆ, ಸಂಜೆ ಅಣ್ಣನ ಜೊತೆ ಓಡಾಡಿದೆ. ಧೈರ್ಯ ಇದ್ದರೆ ಎಲ್ಲ ಬಿಟ್ಟು ಧುಮುಕಬೇಕು ಅನ್ನುವವರ ಮಾತು ನನಗೆ ಯಾವತ್ತೂ ಒಪ್ಪಿಗೆ ಆಗಿಲ್ಲ. ನೈಕಿ ಕಟ್ಟಿದ ಫಿಲ್ ನೈಟ್ 1964ರಲ್ಲಿ ಬೂಟಿನ ವ್ಯಾಪಾರ ಶುರುಮಾಡಿ, 1969ರವರೆಗೆ ಸಂಬಳದ ಕೆಲಸ ಮಾಡುತ್ತಲೇ ಇದ್ದರು. 2014ರಲ್ಲಿ ಪ್ರಕಟವಾದ ರಫೀ ಮತ್ತು ಫೆಂಗ್ ಅವರ ಅಧ್ಯಯನದಲ್ಲೂ, ಕೆಲಸದಲ್ಲಿದ್ದುಕೊಂಡೇ ಉದ್ಯಮ ಶುರುಮಾಡಿದವರು ಅದನ್ನು ಮುಚ್ಚುವ ಸಾಧ್ಯತೆ, ಒಮ್ಮೆಲೇ ಕೆಲಸ ಬಿಟ್ಟವರಿಗಿಂತ 33 ಶೇಕಡಾ ಕಡಿಮೆ ಇತ್ತು. ಯೋಚನೆ ಎಲ್ಲರಿಗಿಂತ ಬೇರೆ ಇರಲಿ. ಮನೆ ಖರ್ಚು ಎಲ್ಲರ ಹಾಗೇ ನಡೆಯಬೇಕಲ್ವಾ?

ಮೊದಲು ನಮಗೆ ಸಾಲ ಕೊಡಲ್ಲ ಅಂದ ಅಧಿಕಾರಿಗೂ ಮನಸಾರೆ ವಂದನೆ. "ಒಂದೇ ದಿನ ಹತ್ತು ಮಿಷನ್ ಕೆಟ್ಟರೆ ಏನು ಮಾಡ್ತೀರಿ?" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ವಾಪಸ್ ಬಂದು ಲೆಕ್ಕ ಹಾಕಿದೆ. ಎಷ್ಟು ಮಿಷನ್ನಿಗೆ ಎಷ್ಟು ಬದಲಿ ಇಟ್ಟುಕೊಳ್ಳಬೇಕು ಅನ್ನುವುದು ಆಗಲೇ ಹೊಳೆದದ್ದು. ಈಗಲೂ ನಮ್ಮ ವ್ಯವಹಾರ ನಿಂತಿರುವುದು ಆ ಲೆಕ್ಕದ ಮೇಲೆ. ಕೆಟ್ಟ ಮಿಷನ್ನಿನ ಮೇಲ್ಭಾಗ ಬಿಚ್ಚಿ, ಬದಲಿ ಕೂರಿಸಿ, ಅರ್ಧ ಗಂಟೆಯಲ್ಲಿ ಹೊಲಿಗೆ ಶುರು. ರಿಪೇರಿ ಆಮೇಲೆ, ನಮ್ಮ ಜಾಗದಲ್ಲಿ, ನಿಧಾನವಾಗಿ.

ಮೊದಲ ಹನ್ನೊಂದು ಗಿರಾಕಿಗಳಿಗೆ ಹೇಗೆ ಹೇಳಲಿ? ಲಾಭದ ಖುಷಿಗಿಂತ ನಷ್ಟದ ನೋವು ಮನುಷ್ಯನಿಗೆ ದೊಡ್ಡದು ಅಂತ ಕಾನಮನ್ ಮತ್ತು ಟ್ವೆರ್ಸ್ಕಿ ಎಂಬ ಮನಶ್ಶಾಸ್ತ್ರಜ್ಞರು 1979ರಲ್ಲೇ ತೋರಿಸಿಕೊಟ್ಟಿದ್ದಾರೆ. ಅದನ್ನು ನಾನು ಕಣ್ಣಾರೆ ಕಂಡೆ. "ನಿಮಗೆ ಇಷ್ಟು ಉಳಿಯುತ್ತೆ" ಅಂದಾಗ ಯಾರೂ ತಲೆ ಎತ್ತಲಿಲ್ಲ. "ಮಿಷನ್ ನಿಂತರೆ ನಷ್ಟ ನಮ್ಮದು" ಅಂದ ಮೇಲೆ ಕುರ್ಚಿ ಎಳೆದು ಕೂರಿಸಿದರು. ನಾವು ಮಾರಿದ್ದು ಅದನ್ನೇ. ಅವರ ಭಯವನ್ನು ನಾವು ತಗೊಂಡೆವು. ಅವರಿಗೆ ಆ ಭಯ ದೊಡ್ಡದು, ಯಾಕೆಂದರೆ ಮಿಷನ್ ಒಳಗೆ ಏನಿದೆ ಅಂತ ಅವರಿಗೆ ಗೊತ್ತಿಲ್ಲ. ಅಣ್ಣನಿಗೆ ಗೊತ್ತು. ಅದೇ ರಿಸ್ಕ್ ಅಣ್ಣನ ಕೈಗೆ ಬಂದ ಕೂಡಲೇ ಚಿಕ್ಕದಾಯಿತು. ನಮ್ಮ ಸಂಪಾದನೆ ಎಲ್ಲ ಆ ವ್ಯತ್ಯಾಸದಿಂದಲೇ ಬಂದದ್ದು.

ಮೂರನೇ ವರ್ಷ ಮುಳುಗಿದೆವು ಅಂತಲೇ ಅಂದುಕೊಂಡಿದ್ದೆ. ಆರು ಬದಲಿ ಮಿಷನ್ ಸಾಲದಲ್ಲಿ ಕೊಂಡ ಮರು ತಿಂಗಳೇ ನಮ್ಮ ಅತಿ ದೊಡ್ಡ ಗಿರಾಕಿ ಘಟಕ ಮುಚ್ಚಿದರು. ನಾಲ್ಕು ತಿಂಗಳ ಬಾಕಿ ಹೋಯಿತು. ಕ್ಯಾಲೆಂಡರಿನ ಹಿಂದಿನ ಮೊತ್ತದ ಹತ್ತಿರ ಬಂದುಬಿಟ್ಟಿದ್ದೆವು. ಅಣ್ಣ ಎರಡು ತಿಂಗಳು ಸಂಬಳ ಮುಟ್ಟಲಿಲ್ಲ. ನಾದಿನಿ ತಾನು ಕೂಡಿಟ್ಟದ್ದನ್ನು ತಂದು ಮೇಜಿನ ಮೇಲಿಟ್ಟು, ಮಾತಾಡದೇ ಒಳಗೆ ಹೋದಳು. ನನ್ನ ಹಳೇ ಮಾಲೀಕರು, ನಮ್ಮ ಮೊದಲ ಗಿರಾಕಿಯೂ ಅವರೇ, ಕೇಳದೇನೇ ಮೂರು ತಿಂಗಳ ದುಡ್ಡು ಮುಂಗಡ ಕಳಿಸಿದರು. ಜೊತೆಗೆ ಒಂದೇ ಸಾಲು: "ನೀವು ನಿಂತರೆ ನನ್ನ ಮಿಷನ್ ನಿಲ್ಲುತ್ತೆ." ಆ ಚೀಟಿ ಇವತ್ತಿಗೂ ನನ್ನ ಲೆಕ್ಕದ ಪುಸ್ತಕದಲ್ಲಿದೆ. ಅವತ್ತಿನಿಂದ ಯಾವ ಒಬ್ಬ ಗಿರಾಕಿಯಿಂದಲೂ ನಮ್ಮ ಆದಾಯದ ಐದನೇ ಒಂದು ಪಾಲಿಗಿಂತ ಜಾಸ್ತಿ ಬರದ ಹಾಗೆ ನೋಡಿಕೊಂಡಿದ್ದೇವೆ.

ಒಬ್ಬ ಗೆಳತಿಯ ಬಗ್ಗೆ ಬರೆಯದೇ ಮುಗಿಸಲಾರೆ. ನಾನು ಶುರುಮಾಡಿದ ವರ್ಷವೇ ಅವಳೂ ಶುರುಮಾಡಿದ್ದು. ಮಕ್ಕಳ ಸೈಕಲ್ ಬಾಡಿಗೆಗೆ ಕೊಡುವುದು, ಮಗು ಬೆಳೆದ ಹಾಗೆ ದೊಡ್ಡದಕ್ಕೆ ಬದಲಿಸುವುದು. ನನ್ನದಕ್ಕಿಂತ ಒಳ್ಳೆ ಯೋಚನೆ ಅಂತ ಈಗಲೂ ಅನ್ನಿಸುತ್ತದೆ. ನನಗಿಂತ ಜಾಸ್ತಿ ದುಡಿದಳು. ಎರಡೇ ವರ್ಷಕ್ಕೆ ಮುಚ್ಚಬೇಕಾಯಿತು. ಎರಡನೇ ಮಹಾಯುದ್ಧದಲ್ಲಿ ಅಬ್ರಹಾಂ ವಾಲ್ಡ್ ಎಂಬ ಗಣಿತಜ್ಞರು ವಾಪಸ್ ಬಂದ ವಿಮಾನಗಳ ಮೇಲಿನ ಗುಂಡಿನ ಗುರುತು ಪರೀಕ್ಷಿಸುವಾಗ, ವಾಪಸ್ ಬಾರದ ವಿಮಾನಗಳನ್ನೂ ಲೆಕ್ಕಕ್ಕೆ ತಗೊಂಡರು. ಬಂದವಕ್ಕೆ ಗುರುತು ಇಲ್ಲದ ಜಾಗದಲ್ಲೇ ಬಾರದವಕ್ಕೆ ಏಟು ಬಿದ್ದಿರಬೇಕು ಅಂತ. ಗೆದ್ದವರ ಕತೆ ಮಾತ್ರ ಓದುವಾಗ ನನಗೆ ಈ ಗೆಳತಿ ನೆನಪಾಗುತ್ತಾಳೆ. ಮುಚ್ಚಿದ ವಾರ ಅವಳು ತನ್ನ ಲೆಕ್ಕದ ಪುಸ್ತಕವನ್ನೇ ನನ್ನ ಕೈಗೆ ಕೊಟ್ಟಳು. ಯಾರೂ ಬಾಡಿಗೆಗೆ ಒಯ್ಯದೆ ನಿಂತಿದ್ದ ಸೈಕಲ್‌ಗಳು ಎಷ್ಟು ದುಡ್ಡು ತಿಂದವು ಅಂತ ಅದರಲ್ಲಿ ಪೈಸೆ ಪೈಸೆ ಬರೆದಿದ್ದಳು. ಮೂರನೇ ವರ್ಷ ಆರರಲ್ಲಿ ನಾಲ್ಕು ಬದಲಿ ಮಿಷನ್ನುಗಳನ್ನು ತಡಮಾಡದೆ ಮಾರಿದ್ದು ಆ ಪುಸ್ತಕ ಓದಿದ್ದರಿಂದ. ನಾವು ಉಳಿದುಕೊಂಡಿದ್ದರಲ್ಲಿ ನಿನ್ನ ಪಾಲು ಇದೆ ಕಣೇ, ಇದನ್ನು ಓದುತ್ತಿದ್ದರೆ ಗೊತ್ತಿರಲಿ.

ಕಡೆಗೆ, ಮಿಷನ್ ಮುಂದೆ ಕೂತು ಹೊಲಿಯುವ ಎಲ್ಲ ಅಕ್ಕ ತಂಗಿಯರಿಗೆ, ಅಣ್ಣ ತಮ್ಮಂದಿರಿಗೆ. ನಮ್ಮ ನಿಜವಾದ ಗುರುಗಳು ಇವರು. ಒಂದು ದಿನ ಎಣ್ಣೆ ನೋಡಲು ಹೋಗಿದ್ದಾಗ ಒಬ್ಬಾಕೆ ಹೊಲಿಗೆ ನಿಲ್ಲಿಸಿ, "ಸೌಂಡ್ ಬದಲಾಗಿದೆ ಅಕ್ಕ, ನಿನ್ನೆಯಿಂದ" ಅಂದರು. ನನಗೆ ಏನೂ ಕೇಳಿಸಲಿಲ್ಲ. ಅಣ್ಣ ಮೇಜಿನ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿ ನಿಂತರು. ಹುಕ್ಕಿನ ಟೈಮಿಂಗ್, ಅಂದರೆ ಸೂಜಿಗೂ ಹುಕ್ಕಿಗೂ ಇರಬೇಕಾದ ತಾಳ, ಕೂದಲೆಳೆಯಷ್ಟು ಜಾರಿತ್ತು. ಇನ್ನೆರಡು ದಿನ ಬಿಟ್ಟಿದ್ದರೆ ಸೂಜಿ ಮುರಿದು ಹುಕ್ ಹಾಳಾಗುತ್ತಿತ್ತು. ಅವತ್ತಿನಿಂದ ಹೊಲಿಯುವವರು ಮಾಲೀಕರಿಗೆ ಹೇಳಿ, ಮಾಲೀಕರು ನಮಗೆ ಹೇಳುವ ಪದ್ಧತಿ ಬಿಟ್ಟೆವು. ಈಗ ಹೊಲಿಯುವವರೇ ನೇರವಾಗಿ ಫೋನ್ ಮಾಡುತ್ತಾರೆ. ದಿನಕ್ಕೆ ಎರಡು ಮೂರು ಫೋನ್ ಬರುತ್ತವೆ, ಅರ್ಧಕ್ಕರ್ಧ ಏನೂ ಇರುವುದಿಲ್ಲ. ಆದರೂ ಹೋಗುತ್ತೇವೆ.

ನಿನ್ನೆ ರಸೀದಿ ಹಿಡಿದು ಕೂತಿದ್ದಾಗಲೂ ಒಂದು ಫೋನ್ ಬಂತು. ಆಕೆಯದೇ. ಒಂಬತ್ತನೇ ನಂಬರ್ ಮಿಷನ್ನಿನಲ್ಲಿ ಏನೋ ಟಿಕ್ ಟಿಕ್ ಅಂತಿದೆಯಂತೆ. ಅಣ್ಣ ಆಗಲೇ ಹೊರಟಿದ್ದರು.