ಮದುವೆಗೆ ಮೊದಲು ಮಗಳಿಗೊಂದು ಪತ್ರ

ಕಾರವಾರ

ಪ್ರೀತಿಯ ಮಗಳೇ,

ನೀನು ಕೇಳಿದ್ದು ಫೋನಿನಲ್ಲಿ ಮುಗಿಯುವ ಮಾತಲ್ಲ. ಅದಕ್ಕೇ ಬರೆಯುತ್ತಿದ್ದೇನೆ. "ದೊಡ್ಡಮ್ಮ, ಅವರೂ ಯೇಸುವನ್ನೇ ನಂಬ್ತಾರೆ. ಅವರ ಸಿ.ಎಸ್.ಐ. ಸಭೆಯಲ್ಲೂ ಬಿಷಪ್ ಇದ್ದಾರೆ. ಎಲ್ಲಾ ಒಂದೇ ಅಲ್ವಾ? ಮತ್ತೆ ಫಾದರ್ ಯಾಕೆ ಇಷ್ಟೆಲ್ಲ ಕಾಗದ ಕೇಳ್ತಾರೆ?" ಅಂದೆ. ಹುಡುಗ ಸಿ.ಎಸ್.ಐ., ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾ ಎಂಬ ಪ್ರೊಟೆಸ್ಟಂಟ್ ಸಭೆಯವನು. ಒಳ್ಳೆಯವನು. ಅವನ ಮೇಲೆ ನನ್ನದೊಂದು ತಕರಾರೂ ಇಲ್ಲ. ಆದರೆ ಎಲ್ಲಾ ಒಂದೇ ಅಲ್ಲ. ಅದನ್ನು ಮದುವೆಗೆ ಮೊದಲೇ ಇಬ್ಬರೂ ಕೂತು ತಿಳಿದುಕೊಳ್ಳಬೇಕು.

ಒಂದೇ ಆಗಿರುವುದನ್ನು ಮೊದಲು ಹೇಳುತ್ತೇನೆ. ಪಿತ, ಸುತ, ಪವಿತ್ರಾತ್ಮರ ಹೆಸರಿನಲ್ಲಿ ನೀರಿನಿಂದ ಅವನಿಗಾದ ದೀಕ್ಷಾಸ್ನಾನವನ್ನು ನಮ್ಮ ಕಥೋಲಿಕ ಧರ್ಮಸಭೆ ಒಪ್ಪುತ್ತದೆ. ಅದನ್ನು ಮತ್ತೆ ಮಾಡಿಸುವ ಹಾಗೇ ಇಲ್ಲ. ನಿಮ್ಮ ಮದುವೆಯೂ ಪೂರ್ತಿ ಸಂಸ್ಕಾರವೇ. ಮನುಷ್ಯ ದೇವರ ಮುಂದೆ ನೀತಿವಂತನಾಗುವುದು ಹೇಗೆ ಅಂತ, ಪ್ರೊಟೆಸ್ಟಂಟ್ ಸುಧಾರಣೆ ಶುರುಮಾಡಿದ ಲೂಥರನ ಕಾಲದಿಂದ ದೊಡ್ಡ ಜಗಳ ಇತ್ತಲ್ಲ, ಅದರ ಮುಖ್ಯ ಭಾಗದ ಬಗ್ಗೆಯೂ 1999ರಲ್ಲಿ ರೋಮ್ ಮತ್ತು ಲೂಥರನ್ ಸಭೆಗಳು ಆಗ್ಸ್‌ಬರ್ಗ್‌ನಲ್ಲಿ ಸಹಿ ಹಾಕಿ ಒಪ್ಪಿಕೊಂಡವು. ಆದರೂ ಇವತ್ತಿಗೂ ಒಂದೇ ಪೀಠದಿಂದ ಪ್ರಸಾದ ತೆಗೆದುಕೊಳ್ಳಲು ಆಗುತ್ತಿಲ್ಲ. ಗಂಟು ಇರುವುದು ಇನ್ನೊಂದು ಕಡೆ. ಯೇಸು ಬಿಟ್ಟುಹೋದ ಸಭೆ ಎಂಥದ್ದು, ಅದನ್ನು ಎಲ್ಲಿ ನೋಡಬಹುದು ಅನ್ನುವುದರಲ್ಲಿ.

ಈ ಭಾನುವಾರ ಪೂಜೆಯಲ್ಲಿ ಗಮನ ಇಟ್ಟು ಕೇಳು. ಫಾದರ್ ಪೀಠದ ಮುಂದೆ ನಿಂತು ಪೋಪರಿಗಾಗಿ, ಆ ಊರಿನ ಬಿಷಪರಿಗಾಗಿ, ಹೆಸರು ಹೇಳಿಯೇ ಪ್ರಾರ್ಥಿಸುತ್ತಾರೆ. ಸಣ್ಣ ಹಳ್ಳಿಯ ಇಗರ್ಜಿಯಲ್ಲೂ ಅದನ್ನು ಬಿಡುವುದಿಲ್ಲ. ನಮ್ಮ ಸಭೆ ಕಣ್ಣಿಗೆ ಕಾಣುವಂಥದ್ದು. ಪ್ರೇಷಿತರಿಂದ, ಅಂದರೆ ಯೇಸು ಕಳಿಸಿದ ಮೊದಲ ಶಿಷ್ಯರಿಂದ ಹಿಡಿದು, ತಲೆಯ ಮೇಲೆ ಕೈಯಿಟ್ಟು ಬಿಷಪರಿಂದ ಬಿಷಪರಿಗೆ ಬಂದ ಅಧಿಕಾರ ಅದರ ಮೈಯೊಳಗೇ ಇದೆ. ಕಾರವಾರಕ್ಕೆ ಸ್ವಂತ ಧರ್ಮಕ್ಷೇತ್ರ, ಅಂದರೆ ತನ್ನದೇ ಬಿಷಪರ ಆಡಳಿತ, ಆದದ್ದು 1976ರಲ್ಲಿ. ಅದಕ್ಕೆ ಮೊದಲು ನಾವು ಬೆಳಗಾವಿಗೆ ಸೇರಿದ್ದೆವು. ಬಿಷಪರ ಊರು ಬದಲಾಯಿತು, ಕೊಂಡಿ ಕಡಿಯಲಿಲ್ಲ.

ಪ್ರೊಟೆಸ್ಟಂಟರಾದ ಅವರು ನೋಡುವ ರೀತಿ ಬೇರೆ. ಶುಭಸಂದೇಶವನ್ನು ಶುದ್ಧವಾಗಿ ಸಾರುವಲ್ಲಿ, ಸಂಸ್ಕಾರಗಳನ್ನು ಸರಿಯಾಗಿ ಕೊಡುವಲ್ಲಿ ಸಭೆ ಇದೆ ಎಂದು ಲೂಥರನ ಕಡೆಯವರು 1530ರಲ್ಲೇ ಬರೆದುಕೊಟ್ಟರು. ವಾಕ್ಯ ಮೊದಲು, ಅದನ್ನು ಕೇಳಿ ನಂಬಿದವರು ಕೂಡಿದ ಮೇಲೆ ಸಭೆ. ಯಾರು ನಿಜವಾಗಿ ನಂಬಿದವರು ಅನ್ನುವುದು ದೇವರಿಗೆ ಮಾತ್ರ ಗೊತ್ತು. "ಈ ಬಂಡೆಯ ಮೇಲೆ ನನ್ನ ಸಭೆಯನ್ನು ಕಟ್ಟುವೆನು" ಎಂದು ಯೇಸು ಪೇತ್ರನಿಗೆ ಹೇಳಿದ ಮಾತನ್ನು ನಾವು ಪೇತ್ರನಿಗೂ ಅವನ ಸ್ಥಾನಕ್ಕೆ ಬಂದ ಪೋಪರಿಗೂ ಹೇಳಿದ್ದು ಅಂತ ಓದುತ್ತೇವೆ. ಅವರಲ್ಲಿ ಹೆಚ್ಚಿನವರು ಪೇತ್ರ ಒಪ್ಪಿಕೊಂಡ ನಂಬಿಕೆಯೇ ಆ ಬಂಡೆ ಅನ್ನುತ್ತಾರೆ. ಇದನ್ನು ಹಗುರವಾಗಿ ತಗೊಬೇಡ. ಪೋಪರೇ ತಪ್ಪಿದರೆ ಗತಿ ಏನು ಎಂಬ ಭಯದಿಂದ, ದೇವರ ವಾಕ್ಯದ ಮೇಲಿನ ಪ್ರೀತಿಯಿಂದ ಬಂದ ಮಾತು ಅದು.

ಇನ್ನು ನಿನ್ನ ಬಿಷಪ್ ಪ್ರಶ್ನೆ. ಸಿ.ಎಸ್.ಐ. ಹುಟ್ಟಿದ್ದು 1947ರ ಸೆಪ್ಟೆಂಬರ್ 27ರಂದು, ಮದ್ರಾಸಿನಲ್ಲಿ. ಇಂಗ್ಲೆಂಡಿನ ಸಭೆಯಿಂದ ಬಂದ ಆಂಗ್ಲಿಕನ್ನರು, ಮೆಥಡಿಸ್ಟರು, ಬಿಷಪರೇ ಇಲ್ಲದ ಇನ್ನಷ್ಟು ಸಭೆಗಳವರು ಒಂದಾದರು. ನಮ್ಮ ಕಡೆ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಕಟ್ಟಿದ ಸಭೆಗಳು ಆಮೇಲೆ ಸೇರಿಕೊಂಡವು. ಮುಂದೆ ಪಾದ್ರಿಗಳಾಗುವವರಿಗೆ ಕೈಯಿಟ್ಟು ಮಾಡುವ ಅಭಿಷೇಕವೆಲ್ಲ ಬಿಷಪರ ಕೈಯಿಂದಲೇ ಎಂದು ತೀರ್ಮಾನಿಸಿದರು. ಆದರೆ ಅದಕ್ಕೆ ಮೊದಲೇ ಬಿಷಪರಿಲ್ಲದೆ ಅಭಿಷೇಕವಾದ ಪಾದ್ರಿಗಳಿಗೆ ಮತ್ತೆ ಕೈಯಿಡಲಿಲ್ಲ. ಇದ್ದ ಹಾಗೇ ಒಪ್ಪಿಕೊಂಡರು. ವ್ಯತ್ಯಾಸ ಇಲ್ಲೇ ಕಾಣುತ್ತದೆ ನೋಡು. ಅವರಿಗೆ ಬಿಷಪ್ ಇದ್ದರೆ ಸಭೆಗೆ ಒಳ್ಳೆಯದು. ನಮಗೆ ಆ ಕೊಂಡಿ ಇಲ್ಲದೆ ಪೀಠದ ಮೇಲೆ ರೊಟ್ಟಿ, ದ್ರಾಕ್ಷಾರಸದಲ್ಲಿ ಅರ್ಪಿಸುವ ಬಲಿಯೇ ಪೂರ್ಣವಾಗುವುದಿಲ್ಲ. ಅವರ ಕೊಂಡಿ ಬಂದದ್ದು ಆಂಗ್ಲಿಕನ್ನರಿಂದ, ಆ ಆಂಗ್ಲಿಕನ್ನರ ಅಭಿಷೇಕ ಸಿಂಧುವಲ್ಲ ಎಂದು ರೋಮ್ 1896ರಲ್ಲೇ ಹೇಳಿದೆ. 2000ದಲ್ಲಿ ಬಂದ ರೋಮಿನ ಪತ್ರವೂ ಇಂಥ ಸಭೆಗಳನ್ನು ಪೂರ್ಣ ಅರ್ಥದಲ್ಲಿ ಚರ್ಚ್ ಎಂದು ಕರೆಯಲಿಲ್ಲ. ಅವನ ಮನೆಯವರಿಗೆ ಅದು ನೋವಿನ ವಿಷಯ. ಊಟಕ್ಕೆ ಕೂತಾಗ ನೀನಾಗಿ ಅದನ್ನು ಎತ್ತಬೇಡ. ಅವರಾಗಿ ಕೇಳಿದರೆ ಮುಚ್ಚಿಡಲೂಬೇಡ. 1964ರಲ್ಲಿ ವ್ಯಾಟಿಕನ್ ಮಹಾಸಭೆ ಹೇಳಿದ್ದನ್ನೂ ಸೇರಿಸಿ ಹೇಳು: ನಮ್ಮ ಗೋಡೆಯ ಆಚೆಗೂ ಸತ್ಯ, ಪಾವಿತ್ರ್ಯ ಬಹಳ ಇದೆ, ದೀಕ್ಷಾಸ್ನಾನ ಪಡೆದವರು ನಮ್ಮ ಸೋದರರು.

ಸತ್ತವರನ್ನು ನೆನೆಯುವ ದಿನ, ಕಳೆದ ನವೆಂಬರ್ 2ಕ್ಕೆ, ಅವನು ನಮ್ಮ ಜೊತೆ ಸಿಮಿತ್ರಿಗೆ ಬಂದಿದ್ದು ನೆನಪಿದೆಯಾ? ಸಮುದ್ರದ ಗಾಳಿಗೆ ಮೇಣದಬತ್ತಿ ನಿಲ್ಲುತ್ತಿರಲಿಲ್ಲ. ನಿನ್ನ ಅಜ್ಜಿಯ ಗೋರಿಯ ಹತ್ತಿರ ಅವನು ಕೈ ಅಡ್ಡ ಹಿಡಿದು ನಿಂತ, ತಾನು ಮಾತ್ರ ಒಂದನ್ನೂ ಹಚ್ಚಲಿಲ್ಲ. ನೀನು ಮುಖ ಊದಿಸಿಕೊಂಡೆ. ಆದರೆ ಅವನು ಅಗೌರವ ತೋರಿಸಲಿಲ್ಲ. ನಮಗೆ ಸತ್ತವರೂ ಧರ್ಮಸಭೆಯೊಳಗೇ ಇರುವವರು. ಅವರಿಗಾಗಿ ಪ್ರಾರ್ಥಿಸುತ್ತೇವೆ, ಸಂತರ ಸಹಾಯ ಬೇಡುತ್ತೇವೆ. ಅವರ ಪ್ರಕಾರ ಸತ್ತವರು ಕರ್ತನ ಕೈಯಲ್ಲಿದ್ದಾರೆ, ಅಲ್ಲಿಗೆ ನಮ್ಮ ಪ್ರಾರ್ಥನೆ ಬೇಕಾಗಿಲ್ಲ. ಅವನ ಕೈಯಲ್ಲಿ ಬಲವಂತವಾಗಿ ಬತ್ತಿ ಹಚ್ಚಿಸಬೇಡ.

ಹಾಗೆಯೇ ಧಾರವಾಡದಲ್ಲಿ ಅವರ ಆರಾಧನೆಗೆ ಹೋಗು, ಹಾಡು, ವಾಕ್ಯ ಕೇಳು. ಕರ್ತನ ಭೋಜನಕ್ಕೆ ಪ್ರೀತಿಯಿಂದ ಕರೆದಾಗ ಮಾತ್ರ ಕೂತಲ್ಲೇ ಇರು. ಮುಂದೆ ಹೋಗಿ ತೆಗೆದುಕೊಂಡರೆ, ನಮ್ಮಲ್ಲಿ ಇನ್ನೂ ಕೂಡಿಬರದ ಒಂದು ಐಕ್ಯ ಕೂಡಿಬಂದಿದೆ ಅಂತ ಹೇಳಿದ ಹಾಗಾಗುತ್ತದೆ. ಮುಲಾಜಿಗೆ ಮಾಡುವ ಕೆಲಸ ಅಲ್ಲ ಅದು. ಅತ್ತೆಗೆ ಮೊದಲೇ ಹೇಳಿಡು, ಬೇಜಾರು ಕಡಿಮೆ ಆಗುತ್ತದೆ.

ಎರಡು ಕಡೆ ಎರಡು ಸಲ ಮದುವೆ ಮಾಡುವ ಯೋಚನೆ ಬಿಟ್ಟುಬಿಡಿ. ಒಪ್ಪಿಗೆಯ ಮಾತು ಒಂದೇ ಸಲ. ಬೇಕಿದ್ದರೆ ಅವರ ಪಾದ್ರಿಗಳು ನಮ್ಮ ಇಗರ್ಜಿಗೆ ಬಂದು ಪ್ರಾರ್ಥಿಸಿ ಆಶೀರ್ವದಿಸಬಹುದು. ಮದುವೆ ಅವರ ಸಭೆಯಲ್ಲೇ ಆಗಬೇಕು ಅಂತಿದ್ದರೆ ಬಿಷಪರ ವಿಶೇಷ ವಿನಾಯಿತಿ ಕೇಳಬೇಕು. ಮತ್ತೆ ಮಕ್ಕಳ ವಿಷಯ. ಅವರನ್ನು ಕಥೋಲಿಕರಾಗಿ ಬೆಳೆಸಲು ಕೈಲಾದದ್ದೆಲ್ಲ ಮಾಡುತ್ತೇನೆ ಅಂತ ನೀನು ಮಾತು ಕೊಡಬೇಕು. ಮಾತು ಕೊಡುವವಳು ನೀನು, ಅವನಲ್ಲ. ಆದರೆ ನೀನು ಏನು ಮಾತು ಕೊಡುತ್ತಿದ್ದೀ ಅನ್ನುವುದು ಅವನಿಗೆ ಗೊತ್ತಿರಲೇಬೇಕು. ಫಾದರ್ ಮುಂದೆ ಮೊದಲ ಸಲ ಕೇಳುವ ಹಾಗೆ ಮಾಡಬೇಡ. ಈ ವಾರವೇ ಹೇಳು. ಅವನಿಗೆ ಒಪ್ಪದಿದ್ದರೆ ಅದನ್ನೂ ಪೂರ್ತಿ ಕೇಳಿಸಿಕೋ. ಸುಮ್ನೆ ಸಹಿ ಹಾಕಿ ಆಮೇಲೆ ನೋಡಿಕೊಳ್ಳೋಣ ಅಂದರೆ ನಾನು ಒಪ್ಪುವವಳಲ್ಲ.

ಬಿಷಪರ ಅನುಮತಿಗೆ ಅವನ ದೀಕ್ಷಾಸ್ನಾನದ ಸರ್ಟಿಫಿಕೇಟ್ ಬೇಕಾಗುತ್ತದೆ. ಧಾರವಾಡದಿಂದ ತರಿಸಿಡು. ಮುಂದಿನ ಸಲ ಬರುವಾಗ ಅವನನ್ನೂ ಕರೆದುಕೊಂಡು ಬಾ, ಫಾದರ್ ಹತ್ತಿರ ಮೂವರೂ ಹೋಗೋಣ.

ನಿನ್ನ ದೊಡ್ಡಮ್ಮ