ಧೂಪದ ಪಾತ್ರೆ ಹಿಡಿಯುವವನಿಗೆ

ಪ್ರೀತಿಯ ಪುಟ್ಟಾ,

ಈ ಸಲ ಪಾಸ್ಖ ಜಾಗರಣೆಗೆ, ಅಂದರೆ ಈಸ್ಟರ್ ಹಿಂದಿನ ರಾತ್ರಿಯ ಪೂಜೆಗೆ, ಧೂಪದ ಪಾತ್ರೆ ಹಿಡಿಯುವವನು ನೀನೇ ಅಂತ ನಿಮ್ಮಪ್ಪ ಫೋನ್ ಮಾಡಿ ಹೇಳಿದ. ತುಂಬಾ ಖುಷಿಯಾಯಿತು. ಸರಪಳಿ ಹಿಡಿಯುವುದು, ಬೀಸುವುದು ಎಲ್ಲ ಗುರುಗಳು ಕಲಿಸುತ್ತಾರೆ. ಧೂಪ ಯಾರಿಗೆ ಹಾಕುತ್ತೀಯ ಅನ್ನುವುದನ್ನು ಮಾತ್ರ ನಾನು ಹೇಳಬೇಕು.

ಕ್ರಿ.ಶ. 250ರ ಹೊತ್ತಿಗೆ ರೋಮ್ ಚಕ್ರವರ್ತಿ ಡೇಸಿಯಸ್, ಎಲ್ಲರೂ ರೋಮಿನ ದೇವತೆಗಳಿಗೆ ಬಲಿ ಅರ್ಪಿಸಬೇಕು ಅಂತ ಆಜ್ಞೆ ಹೊರಡಿಸಿದ. ಬೆಂಕಿಗೆ ಚಿಟಿಕೆ ಧೂಪ ಹಾಕಿ ಪಾರಾದ ಕ್ರೈಸ್ತರಿದ್ದರು. ಒಪ್ಪದೆ ಸೆರೆಮನೆ ಸೇರಿದವರು, ಪ್ರಾಣ ಬಿಟ್ಟವರೂ ಇದ್ದರು. ಆ ಕಾಲ ಕಳೆದ ಮೇಲೆ, 4ನೇ ಶತಮಾನದ ಕೊನೆಗೆ, ಎಜೀರಿಯಾ ಎಂಬ ಯಾತ್ರಿಕಳು ಜೆರುಸಲೇಮಿಗೆ ಹೋದಳು. ಭಾನುವಾರ ನಸುಕಿನಲ್ಲಿ ಯೇಸುವಿನ ಸಮಾಧಿಯ ಗುಹೆಗೆ ಧೂಪದ ಪಾತ್ರೆಗಳನ್ನು ತರುತ್ತಿದ್ದರು, ಇಡೀ ದೇವಾಲಯ ಘಮ್ ಎನ್ನುತ್ತಿತ್ತು ಅಂತ ಅವಳು ಬರೆದಿಟ್ಟಿದ್ದಾಳೆ.

ಜೀವ ಹೋದರೂ ಚಕ್ರವರ್ತಿಯ ದೇವತೆಗಳಿಗೆ ಕೊಡದ ಧೂಪ ಅದು. ಈಗ ಪೂಜೆಯಲ್ಲಿ ಯಾರಿಗೆ ಕೊಡುತ್ತೇವೆ ನೋಡು. ಪರಮಪ್ರಸಾದಕ್ಕೆ (ಯೇಸುವಿನ ದೇಹವೆಂದು ನಂಬುವ ಪವಿತ್ರ ರೊಟ್ಟಿಗೆ), ಶಿಲುಬೆಗೆ, ಯೇಸುವಿನ ಜೀವನ ಹೇಳುವ ಶುಭಸಂದೇಶದ ಗ್ರಂಥಕ್ಕೆ ಮೂರು ಸಲ ಬೀಸುತ್ತಾರೆ. ಸಂತರ ಪ್ರತಿಮೆಗೆ ಎರಡೇ ಸಲ. ಅಲ್ಲಿ ನಿಂತ ಜನರಿಗೆ? ಮೂರು ಸಲ! ನಿಮ್ಮ ದೇಹ ಪವಿತ್ರಾತ್ಮರ ಆಲಯ ಅಂತ ಸಂತ ಪೌಲ ಕೊರಿಂಥದವರಿಗೆ ಬರೆದನಲ್ವಾ. ಮಣ್ಣಿಗೆ ಒಯ್ಯುವ ಮೊದಲು ಶವಪೆಟ್ಟಿಗೆಗೂ ಧೂಪ ಹಾಕುವುದು ಅದಕ್ಕೇ.

ಹಾಗಾಗಿ ಜನರ ಕಡೆ ತಿರುಗಿದಾಗ ಅವಸರ ಬೇಡ. ತಲೆಬಾಗು, ಬೀಸು, ಮತ್ತೆ ತಲೆಬಾಗು. ಮುಂದಿನ ಸಾಲಿನ ದೊಡ್ಡ ಮನುಷ್ಯನಿಗೂ ಬಾಗಿಲ ಹತ್ತಿರ ನಿಂತ ಕೂಲಿಯವನಿಗೂ ಒಂದೇ ಧೂಪ.

ಸುಮ್ನೆ ಎತ್ತರಕ್ಕೆ ಬೀಸಿ ತೋರಿಸುವುದು ನನಗೆ ಸ್ವಲ್ಪವೂ ಹಿಡಿಸುವುದಿಲ್ಲ. ಸ್ಪೇನಿನ ಸಾಂತಿಯಾಗೊ ದೆ ಕಾಂಪೊಸ್ತೆಲಾದಲ್ಲಿ 1851ರ ಒಂದು ಧೂಪದ ಪಾತ್ರೆ ಇದೆ. ತೂಕ 50 ಕಿಲೋಗಿಂತ ಜಾಸ್ತಿ. ಎಂಟು ಜನ ಹಗ್ಗ ಎಳೆದು ಚಾವಣಿಯ ಹತ್ತಿರಕ್ಕೆ ತೂಗಿಸುತ್ತಾರೆ. ಅಲ್ಲಿ ಅದಕ್ಕೆಂದೇ ಪಳಗಿದವರಿದ್ದಾರೆ. ನಿನ್ನ ಕೈಯಲ್ಲಿರುವುದು ಪಕ್ಕದ ಪುಟ್ಟ ಹುಡುಗನ ಮುಖದ ಎತ್ತರಕ್ಕೆ ಬರುವ ಕೆಂಡ, ನೆನಪಿರಲಿ.

ಇದ್ದಿಲು ಪೂರ್ತಿ ಹೊತ್ತಿ ಮೇಲೆ ಬೂದಿ ಕೂತ ಮೇಲೆಯೇ ಸಾಂಬ್ರಾಣಿ ಬೀಳಬೇಕು. ಅರೆಬರೆ ಹೊತ್ತಿದ್ದರೆ ಬರೀ ಕಣ್ಣುರಿ. ಜಾಗರಣೆಯ ದಿನ ಕೆಂಡವನ್ನು ಹೊರಗೆ ಹಚ್ಚಿದ ಹೊಸ ಬೆಂಕಿಯಿಂದಲೇ ಎತ್ತಿಕೊಳ್ಳುತ್ತಾರೆ, ಇಕ್ಕಳ ಮರೆಯಬೇಡ. ಮುಂದೆ ಬೈಬಲಿನ ಮೊದಲ ಭಾಗವಾದ ಹಳೆಯ ಒಡಂಬಡಿಕೆಯ ವಾಚನಗಳು ಏಳರವರೆಗೂ ಇರುತ್ತವೆ. ಅಷ್ಟರಲ್ಲಿ ಆ ಕೆಂಡ ಆರಿಹೋಗುತ್ತದೆ. ಆಮೇಲೆ ಬರುವ ಶುಭಸಂದೇಶದ ವಾಚನಕ್ಕೆ ಆ ರಾತ್ರಿ ಮೇಣದಬತ್ತಿ ಒಯ್ಯುವುದಿಲ್ಲ, ಧೂಪ ಮಾತ್ರ. ಅದೂ ಹೊಗೆಯಾಡದಿದ್ದರೆ ಹೇಗೆ? ಹಳೆಯ ಒಡಂಬಡಿಕೆಯ ಕೊನೆಯ ವಾಚನ ಶುರುವಾಗುವಾಗಲೇ ಮೆಲ್ಲಗೆ ಎದ್ದು ಹೋಗಿ ಹೊಸ ಇದ್ದಿಲು ಹೊತ್ತಿಸಿಕೋ.

ಮುಗಿದ ಮೇಲೆ ಕೆಂಡವನ್ನು ಕಸದ ಡಬ್ಬಿಗೆ ಸುರಿಯಬೇಡ, ಮರಳಿನಲ್ಲಿ ಆರಲಿ. ಪಾತ್ರೆಗೆ ಅಂಟಿದ ಜಿಗುಟು ಬಿಸಿನೀರಲ್ಲಿ ನೆನೆಸಿದರೆ ಬಿಡುತ್ತದೆ, ಚಾಕುವಿನಿಂದ ಕೆರೆಯಬೇಡ.

ಅಜ್ಜಿಗೆ ಉಬ್ಬಸ ಇದೆಯಲ್ಲ, ಕಿಟಕಿ ಪಕ್ಕ ಕೂರಿಸಲು ನಿಮ್ಮಪ್ಪನಿಗೆ ಹೇಳು. ನಾನೂ ದೊಡ್ಡಮ್ಮನೂ ಶನಿವಾರ ಮಧ್ಯಾಹ್ನವೇ ಬರುತ್ತೇವೆ.

ನಿನ್ನ ದೊಡ್ಡಪ್ಪ