ಗೋಡೆಯ ಮೇಲೆ ಬರೆಸಿ, ಕಾನೂನು ನೆರವಿನ ಸಂಖ್ಯೆ

ಮಾನ್ಯ ಸಂಪಾದಕರೇ,

ಜಮೀನಿನ ದಾವೆಯ ಮುಂದಿನ ದಿನಾಂಕ ತಿಳಿಯಲೆಂದೇ ನಮ್ಮೂರಿನ ರೈತರೊಬ್ಬರು ಕೆಲಸ ಬಿಟ್ಟು ತಾಲ್ಲೂಕು ಕೇಂದ್ರಕ್ಕೆ ಅಲೆಯುತ್ತಿದ್ದರು. ಇ-ಕೋರ್ಟ್ಸ್ ಜಾಲತಾಣದಲ್ಲಿ ಪ್ರಕರಣದ ಸಿಎನ್‌ಆರ್ ಸಂಖ್ಯೆ (ಪ್ರತಿ ಪ್ರಕರಣಕ್ಕೂ ಕೊಡುವ ಪ್ರತ್ಯೇಕ ಗುರುತಿನ ಸಂಖ್ಯೆ) ಹಾಕಿದರೆ ಮನೆಯಲ್ಲೇ, ಅದೂ ಉಚಿತವಾಗಿ, ದಿನಾಂಕ ಕಾಣುತ್ತದೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಪಹಣಿಯನ್ನೂ ‘ಭೂಮಿ’ ತಾಣದಲ್ಲಿ ನೋಡಬಹುದು.

ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಆದಾಯ ಎಷ್ಟೇ ಇದ್ದರೂ ಉಚಿತವಾಗಿ ವಕೀಲರ ನೆರವು ಪಡೆಯಬಹುದು. ಸಹಾಯವಾಣಿ 15100. ಗಂಡನ ಮನೆಯಿಂದ ಹೊರಬಿದ್ದ ಎಷ್ಟು ಹೆಣ್ಣುಮಕ್ಕಳಿಗೆ ಇದು ಗೊತ್ತು? ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೂ ಈ ಸಂಖ್ಯೆಯನ್ನು ದೊಡ್ಡದಾಗಿ ಬರೆಸಬೇಕು. ಗ್ರಂಥಾಲಯದ ಕಂಪ್ಯೂಟರ್ ಮುಂದೆ ಜೊತೆಗೆ ಕೂತು ತೋರಿಸಿಕೊಡುವವರೂ ಬೇಕು.

– ಓದುಗ, ತಿಪಟೂರು